ಪಂಚಾಯಿತಿ ಅಧ್ಯಕ್ಷೆಯಿಂದ ಶಾಸಕಿಯ ತನಕ: ರಾಯಬಾಗದ ವೈನಿಗೆ ದಾರಿ ಎಲ್ಲಿದೆ?

ನೀವು ಕೇಳಿದ್ದು ಇಷ್ಟು: ನಿಮ್ಮ ವೈನಿ (ಅಣ್ಣನ ಹೆಂಡತಿ) ಬೆಳಗಾವಿ ಜಿಲ್ಲೆ ರಾಯಬಾಗ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿಯ ಸದಸ್ಯೆ, ಗೆದ್ದದ್ದು ಸಾಮಾನ್ಯ ಮಹಿಳೆ ಸ್ಥಾನದಿಂದ. ಈಗ ಅಧ್ಯಕ್ಷ ಸ್ಥಾನ ಪರಿಶಿಷ್ಟ ಜಾತಿ ಮಹಿಳೆಗೆ ಬಂದಿದೆ, ಅವರಿಗೇ ಸಿಗುವ ಹಾಗಿದೆ. ತವರು ಸಾಂಗ್ಲಿ ಕಡೆ. ಮುಂದೆ ಲಕ್ಷ್ಮೀ ಹೆಬ್ಬಾಳಕರ, ಶಶಿಕಲಾ ಜೊಲ್ಲೆ ಅವರ ಹಾಗೆ ಶಾಸಕಿ, ಸಚಿವೆ ಆಗುವ ತನಕ ಹೋಗಬಹುದಾ, ಎಲ್ಲಿಂದ ಶುರು ಮಾಡಬೇಕು?

"ತವರು ಸಾಂಗ್ಲಿ ಕಡೆ" ಅಂತ ಬಾಯಿಮಾತಿಗೆ ಬರೆದಿದ್ದೀರಲ್ಲ, ಮೊದಲು ಅದನ್ನೇ ನೋಡಿ. ಸಾಂಗ್ಲಿ ಇರುವುದು ಮಹಾರಾಷ್ಟ್ರದಲ್ಲಿ. ಜಾತಿ ಗಂಡನಿಂದ ಬರುವುದಿಲ್ಲ, ತಂದೆಯಿಂದ ಬರುತ್ತದೆ. ಇದು ಎಲ್ಲರಿಗೂ ಗೊತ್ತು. ಮರೆಯುವುದು ಇನ್ನೊಂದನ್ನ: ಪರಿಶಿಷ್ಟ ಜಾತಿ ಪಟ್ಟಿ ಒಂದೊಂದು ರಾಜ್ಯಕ್ಕೆ ಒಂದೊಂದು. ಅದೇ ಜಾತಿಯ ಹೆಸರು ಎರಡೂ ಪಟ್ಟಿಯಲ್ಲಿದ್ದರೂ ಮಹಾರಾಷ್ಟ್ರ ಮೂಲದವರಿಗೆ ಕರ್ನಾಟಕದ ಮೀಸಲಾತಿ ದಕ್ಕುವುದಿಲ್ಲ. ಮದುವೆಯಾಗಿ ಇಪ್ಪತ್ತು ವರ್ಷ ಇಲ್ಲೇ ಬಾಳುವೆ ಮಾಡಿದ್ದರೂ, ರೇಷನ್ ಕಾರ್ಡು, ಮತದಾರರ ಪಟ್ಟಿ ಎಲ್ಲ ಇಲ್ಲಿಯದೇ ಆಗಿದ್ದರೂ ಅಷ್ಟೇ. ರಾಜ್ಯ ಬದಲಿಸಿದರೆ ಮೀಸಲಾತಿ ಜೊತೆಗೆ ಬರುವುದಿಲ್ಲ ಅಂತ ಸುಪ್ರೀಂ ಕೋರ್ಟ್ 1990ರಲ್ಲೂ ಹೇಳಿದೆ, 2018ರಲ್ಲೂ ಹೇಳಿದೆ. ನಿಪ್ಪಾಣಿ, ಚಿಕ್ಕೋಡಿ, ಅಥಣಿ, ರಾಯಬಾಗ, ಅತ್ತ ಇಂಡಿ, ಚಡಚಣ, ಈ ಗಡಿ ಭಾಗದಲ್ಲಿ ಹೆಣ್ಣು ಕೊಡುವುದು ತರುವುದೆಲ್ಲ ಮಿರಜ, ಜತ್ತ, ಸೊಲ್ಲಾಪುರದ ಜೊತೆ. ಹಾಗಾಗಿ ಈ ತೊಡಕು ನಮ್ಮ ಕಡೆಯ ಹೆಣ್ಣುಮಕ್ಕಳಿಗೇ ಹೆಚ್ಚು. ಗಂಡನ ಮನೆ ವಿಳಾಸ ಕೊಟ್ಟು ಪ್ರಮಾಣಪತ್ರ ಪಡೆದರೂ, ಗೆದ್ದ ಮೇಲೆ ಎದುರಾಳಿ ತವರಿನ ಶಾಲೆ ದಾಖಲೆ ತಂದು ಕೋರ್ಟಿಗೆ ಹಾಕಿದರೆ ಸ್ಥಾನ ಉಳಿಯುವುದು ಕಷ್ಟ.

ಇದು ಪಂಚಾಯಿತಿಗೆ ಮುಗಿಯುವ ಮಾತೂ ಅಲ್ಲ. ನಿಮ್ಮ ತಾಲ್ಲೂಕಿನ ರಾಯಬಾಗ, ಕುಡಚಿ ಎರಡೂ ವಿಧಾನಸಭಾ ಕ್ಷೇತ್ರ ಪರಿಶಿಷ್ಟ ಜಾತಿಗೆ ಮೀಸಲು. ಅಲ್ಲಿ ನಿಲ್ಲುವವರು ಇದೇ ರಾಜ್ಯದ ಪರಿಶಿಷ್ಟ ಜಾತಿಯವರಾಗಿರಬೇಕು ಅಂತ 1951ರ ಪ್ರಜಾಪ್ರತಿನಿಧಿ ಕಾಯ್ದೆಯ 5ನೇ ಕಲಮಿನಲ್ಲೇ ಇದೆ. ವೈನಿಯ ಅಜ್ಜ-ಮುತ್ತಜ್ಜ ಮೂಲತಃ ಇತ್ತ ಕಡೆಯವರಾಗಿದ್ದು, ದುಡಿಯಲು ಅತ್ತ ಹೋಗಿ ನೆಲೆಸಿದ್ದರೆ ಮಾತು ಬೇರೆ. 1956ರ ತನಕ ಬೆಳಗಾವಿ, ಬಿಜಾಪುರ, ಸಾಂಗ್ಲಿ ಎಲ್ಲ ಒಂದೇ ಮುಂಬೈ ರಾಜ್ಯದಲ್ಲಿದ್ದವು, ಅಂಥ ಮನೆತನಗಳು ಬೇಕಾದಷ್ಟಿವೆ. ತಂದೆಯ ಶಾಲಾ ದಾಖಲೆ, ಅಜ್ಜನ ಹೆಸರಿನ ಹಳೇ ಉತಾರ (ಪಹಣಿ) ಏನಿದ್ದರೂ ಹುಡುಕಿ. ಚುನಾವಣಾ ತಕರಾರು ನಡೆಸುವ ವಕೀಲರಿಗೆ ನಾಮಪತ್ರಕ್ಕೆ ಮುಂಚೆ ತೋರಿಸಿ, ಆಮೇಲಲ್ಲ. ದಾಖಲೆ ನಿಲ್ಲದಿದ್ದರೆ ಮೀಸಲು ಸ್ಥಾನದ ಆಸೆ ಬಿಟ್ಟು ಸಾಮಾನ್ಯ ಸ್ಥಾನಗಳ ಲೆಕ್ಕ ಹಾಕಿ. ಚಿಕ್ಕೋಡಿ-ಸದಲಗಾ, ಅಥಣಿ, ಕಾಗವಾಡ ಎಲ್ಲ ಸಾಮಾನ್ಯ ಕ್ಷೇತ್ರಗಳೇ. ಅಲ್ಲಿ ಹೆಣ್ಣುಮಗಳು ನಿಲ್ಲಬಾರದು ಅಂತ ಯಾವ ಕಾಯ್ದೆಯಲ್ಲೂ ಇಲ್ಲ, ಇರುವುದು ಕಟ್ಟೆ ಮೇಲೆ ಕೂತವರ ಬಾಯಲ್ಲಿ ಮಾತ್ರ.

ಪ್ರಮಾಣಪತ್ರ ಗಟ್ಟಿ ಇದೆ, ವೈನಿ ಅಧ್ಯಕ್ಷೆ ಆದರು ಅಂತಿಟ್ಟುಕೊಳ್ಳೋಣ. ಸಿಗುವುದು 30 ತಿಂಗಳು. ಮೊದಲ 15 ತಿಂಗಳು ಸಾಮಾನ್ಯವಾಗಿ ಅವಿಶ್ವಾಸ ತರಲು ಬರುವುದಿಲ್ಲ, ಆಮೇಲೆ ಮೂರನೇ ಎರಡರಷ್ಟು ಸದಸ್ಯರು ಸೇರಿದರೆ ಇಳಿಸಬಹುದು. ಹಾಗಾಗಿ ಕೆಲಸ ತೋರಿಸುವ ಕಾಲ ಆ ಮೊದಲ 15 ತಿಂಗಳೇ.

ಅಧಿಕಾರ ಇರುವುದು ಕುರ್ಚಿಯಲ್ಲಲ್ಲ, ಎರಡು ವಸ್ತುಗಳಲ್ಲಿ. ಒಂದು ಡೊಂಗಲ್. ಹಣ ಪಾವತಿಗೆ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಜೊತೆ ಅಧ್ಯಕ್ಷರ ಡಿಜಿಟಲ್ ಸಹಿಯೂ ಬೇಕು. ಆ ಸಹಿ ಇರುವುದು ಕಂಪ್ಯೂಟರಿಗೆ ಚುಚ್ಚುವ ಬೆರಳುದ್ದದ ಆ ಡೊಂಗಲ್‌ನಲ್ಲಿ. ಬಹಳ ಊರಲ್ಲಿ ಅದು ಗಂಡನ ಬೈಕ್ ಕೀಲಿ ಗೊಂಚಲಿನಲ್ಲಿ ನೇತಾಡುತ್ತಿರುತ್ತದೆ, ಇಲ್ಲಾ ಪಂಚಾಯಿತಿ ಕಂಪ್ಯೂಟರ್ ಆಪರೇಟರ್ ಡ್ರಾವರಿನಲ್ಲಿ, ಪಾಸ್‌ವರ್ಡ್ ಚೀಟಿ ಸಮೇತ. ಬಿಲ್ ತಪ್ಪಾದರೆ ನೋಟಿಸು ಬರುವುದು ಮಾತ್ರ ಅಧ್ಯಕ್ಷೆಯ ಹೆಸರಿಗೆ, ವಸೂಲಿಯೂ ಅವರಿಂದಲೇ. ನಿಮ್ಮ ಅಣ್ಣನಿಗೆ ಬೇಜಾರಾದರೂ ಡೊಂಗಲ್ ವೈನಿಯ ಕೈಯಲ್ಲೇ ಇರಲಿ. ಸಹಿ ಹಾಕುವ ಮುಂಚೆ ಅಂದಾಜು ಪಟ್ಟಿ, ಎಂಬಿ ಪುಸ್ತಕದಲ್ಲಿ ಇಂಜಿನಿಯರ್ ಬರೆದ ಅಳತೆ, ಸ್ಥಳದ ಫೋಟೋ ಮೂರೂ ಒಂದಕ್ಕೊಂದು ತಾಳೆಯಾಗುತ್ತವಾ ನೋಡಬೇಕು. ಅನುದಾನ ಯಾವ ಬಾಬತ್ತಿನದು ಅನ್ನುವುದೂ ಮುಖ್ಯ. ಉದಾಹರಣೆಗೆ 2021–26ರ 15ನೇ ಹಣಕಾಸು ಆಯೋಗದ ಅನುದಾನದಲ್ಲಿ 60 ಪರ್ಸೆಂಟ್ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲು. ಸದಸ್ಯರ ಒತ್ತಡಕ್ಕೆ ಆ ದುಡ್ಡನ್ನು ಸಿಮೆಂಟ್ ರಸ್ತೆಗೆ ಹಾಕಿದರೆ ಆಡಿಟ್‌ನಲ್ಲಿ ಸಿಕ್ಕಿಬೀಳುವುದೇ.

ಇನ್ನೊಂದು ಠರಾವಿನ (ಸಭೆಯ ನಿರ್ಣಯದ) ಪುಸ್ತಕ. ಸಭೆಗೆ ಬಂದ ಕೂಡಲೇ ಎಲ್ಲರ ಸಹಿ ತೆಗೆದುಕೊಂಡು, ನಡಾವಳಿಯನ್ನು ಆಮೇಲೆ ನಿಧಾನಕ್ಕೆ ಬರೆಯುವ ರೂಢಿ ಇದೆ. ನಡುವೆ ನಾಲ್ಕು ಸಾಲು ಖಾಲಿ ಬಿಟ್ಟರೆ, ಯಾರೂ ಚರ್ಚಿಸದ ಒಂದು ಲೇಔಟ್ ಒಪ್ಪಿಗೆಯೋ ಅಂಗಡಿ ಬಾಡಿಗೆಯೋ ಅಲ್ಲಿ ಬಂದು ಕೂತಿರುತ್ತದೆ. ಹಾಜರಿ ಸಹಿ ಬೇರೆ, ಠರಾವಿನ ಸಹಿ ಬೇರೆ. ಬರೆದದ್ದನ್ನು ಗಟ್ಟಿಯಾಗಿ ಓದಿಸಿ, ಖಾಲಿ ಜಾಗಕ್ಕೆ ಅಡ್ಡಗೆರೆ ಎಳೆದು, ಅದರ ಕೆಳಗೇ ಸಹಿ ಹಾಕಬೇಕು. ವೈನಿಗೆ ಓದಲು ತಡವಾದರೆ ಸಭೆ ಕಾಯಲಿ, ಏನೂ ಗಂಟು ಹೋಗುವುದಿಲ್ಲ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ಪಂಚಾಯಿತಿಯಿಂದ ವಿಧಾನಸೌಧಕ್ಕೆ ಏಣಿ ಇದೆ ಅಂತ ಭಾಷಣದಲ್ಲಿ ಹೇಳುತ್ತಾರೆ. ನನ್ನ ಲೆಕ್ಕದಲ್ಲಿ ಆ ಏಣಿಗೆ ನಡುವಿನ ಮೆಟ್ಟಿಲೇ ಇಲ್ಲ. ತಾಲ್ಲೂಕು, ಜಿಲ್ಲಾ ಪಂಚಾಯಿತಿ ಚುನಾವಣೆ 2016ರ ಫೆಬ್ರುವರಿಯಲ್ಲಿ ಆಯಿತು, 2021ರಲ್ಲಿ ಅವಧಿ ಮುಗಿಯಿತು, ಆಮೇಲೆ ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಅಂತ ವರ್ಷಗಟ್ಟಲೆ ಎಳೆಯಿತು. ಪಕ್ಷದ ಚಿಹ್ನೆ ಮೇಲೆ ನಿಂತು, ಹತ್ತಾರು ಹಳ್ಳಿಗೆ ಮುಖ ಪರಿಚಯ ಮಾಡಿಕೊಳ್ಳುವ ಜಾಗ ಅದೇ ಆಗಿತ್ತು. ಗ್ರಾಮ ಪಂಚಾಯಿತಿಗೆ ಪಕ್ಷದ ಚಿಹ್ನೆ ಇಲ್ಲ, ಹಾಗಾಗಿ ಅಲ್ಲಿ ಎಷ್ಟು ಸಲ ಗೆದ್ದರೂ ಪಕ್ಷದ ಲೆಕ್ಕದ ಪುಸ್ತಕಕ್ಕೆ ಏರುವುದಿಲ್ಲ. ಆ ಮೆಟ್ಟಿಲು ಹತ್ತಿದವರ ಪಾಡೂ ನೋಡಿ: ಬಾಗಲಕೋಟೆ ಜಿಲ್ಲಾ ಪಂಚಾಯಿತಿ ಅಧ್ಯಕ್ಷೆಯಾಗಿದ್ದ ವೀಣಾ ಕಾಶಪ್ಪನವರ 2019ರಲ್ಲಿ ಲೋಕಸಭೆಗೆ ನಿಂತು ಸೋತರು. 2024ರಲ್ಲಿ ಅದೇ ಕಾಂಗ್ರೆಸ್ ಟಿಕೆಟ್ ಹೋದದ್ದು ವಿಜಯಪುರ ಕಡೆಯ ಸಚಿವ ಶಿವಾನಂದ ಪಾಟೀಲರ ಮಗಳು ಸಂಯುಕ್ತಾ ಪಾಟೀಲರಿಗೆ.

ನೀವು ಹೆಸರಿಸಿದ ಇಬ್ಬರ ಹಿಂದೆ ಏನಿತ್ತು? ಜೊಲ್ಲೆ ಮನೆತನಕ್ಕೆ ಯಕ್ಸಂಬಾದ ಬೀರೇಶ್ವರ ಕೋ-ಆಪ್ ಕ್ರೆಡಿಟ್ ಸೊಸೈಟಿ ಇತ್ತು. ಹೆಬ್ಬಾಳಕರ ಕಾಂಗ್ರೆಸ್ಸಿನ ಮಹಿಳಾ ಘಟಕದ ರಾಜ್ಯ ಅಧ್ಯಕ್ಷೆಯಾಗಿ ಊರೂರು ಸುತ್ತಿದವರು, ಮನೆಯವರ ಸಕ್ಕರೆ ಕಾರ್ಖಾನೆಯೂ ಇದೆ. ಇಬ್ಬರಿಗೂ ಸಚಿವಗಿರಿಯಲ್ಲಿ ಮೊದಲು ಸಿಕ್ಕದ್ದು ಮಹಿಳಾ ಮತ್ತು ಮಕ್ಕಳ ಕಲ್ಯಾಣವೇ, ಜೊಲ್ಲೆ ಅವರಿಗೆ 2019ರಲ್ಲಿ, ಹೆಬ್ಬಾಳಕರ ಅವರಿಗೆ 2023ರಲ್ಲಿ. ತೇರದಾಳದಿಂದ ಗೆದ್ದ ಉಮಾಶ್ರೀ ಅವರಿಗೂ 2013ರಲ್ಲಿ ಅದೇ ಖಾತೆ, ಜೊತೆಗೆ ಕನ್ನಡ ಮತ್ತು ಸಂಸ್ಕೃತಿ. ಹೆಣ್ಣುಮಗಳು ಅಂದ ಕೂಡಲೇ ಆ ಕಡತವನ್ನೇ ಕೈಗಿಡುವುದು ನನಗೆ ಸೇರುವುದಿಲ್ಲ, ಆದರೆ ನಡೆಯುತ್ತಿರುವುದು ಹೀಗೆ. 2023ರಲ್ಲಿ 224 ಸ್ಥಾನದಲ್ಲಿ ಗೆದ್ದ ಮಹಿಳೆಯರು ಬರೀ 10.

ಕಾರ್ಖಾನೆ, ದೊಡ್ಡ ಸೊಸೈಟಿ ಇಲ್ಲದವರಿಗೆ ನಮ್ಮ ಭಾಗದಲ್ಲಿ ಉಳಿದಿರುವ ಮೆಟ್ಟಿಲು ಊರಿನ ಪಿಕೆಪಿಎಸ್, ಅಂದರೆ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘ. ಸಾಲ, ಗೊಬ್ಬರ ಅಲ್ಲಿಂದ, ಡಿಸಿಸಿ (ಜಿಲ್ಲಾ ಕೇಂದ್ರ ಸಹಕಾರ) ಬ್ಯಾಂಕಿನ ರಾಜಕಾರಣದ ಬೇರೂ ಅಲ್ಲೇ. ಆಡಳಿತ ಮಂಡಳಿಯಲ್ಲಿ ಮಹಿಳೆಯರಿಗೆ ಮೀಸಲು ಸ್ಥಾನ ಇದೆ. ಆದರೆ ಸದಸ್ಯತ್ವ ಸಾಮಾನ್ಯವಾಗಿ ಜಮೀನಿದ್ದವರಿಗೆ, ಉತಾರದಲ್ಲಿ ಹೆಸರಿರುವುದು ಗಂಡಸರದ್ದು. ನಿಮ್ಮ ಅಣ್ಣ ಒಂದು ಎಕರೆಯನ್ನಾದರೂ ದಾನಪತ್ರ ಮಾಡಿ ಕೊಟ್ಟರೆ ದಾರಿ ತೆರೆಯುತ್ತದೆ. ಗಂಡ ಹೆಂಡತಿಗೆ ಕೊಡುವ ದಾನಪತ್ರಕ್ಕೆ ಮುದ್ರಾಂಕ ಶುಲ್ಕವೂ ಕಡಿಮೆ. ಸರ್ವೆ ನಂಬರಿನ ಒಂದು ಭಾಗ ಮಾತ್ರ ಕೊಡುವುದಾದರೆ ಮೊದಲು ಆ ಭಾಗವನ್ನು ಅಳೆದು ತೋರಿಸುವ 11ಇ ನಕ್ಷೆ ಮಾಡಿಸಬೇಕು, ಅದಿಲ್ಲದೆ ನೋಂದಣಿ ಆಗುವುದಿಲ್ಲ. ಉತಾರದಲ್ಲಿ ಹೆಸರು ಕೂತ ಮೇಲೆ ಷೇರು ತೆಗೆದುಕೊಳ್ಳಿ, ಬೆಳೆಸಾಲವೋ ಠೇವಣಿಯೋ ಏನಾದರೂ ವ್ಯವಹಾರ ಇಡಿ, ವಾರ್ಷಿಕ ಸಭೆಗೆ ಹೋಗಿ ಹಾಜರಿ ಪುಸ್ತಕದಲ್ಲಿ ಸಹಿ ಹಾಕಿ. ವ್ಯವಹಾರ ಇಲ್ಲದವರನ್ನ, ಸಭೆಗೆ ಬರದವರನ್ನ ಮತದಾರರ ಪಟ್ಟಿಯಿಂದ ಹೊರಗಿಡುತ್ತಾರೆ. ಸೊಸೈಟಿ ಚುನಾವಣೆಯಲ್ಲಿ ಅರ್ಧ ಜಗಳ ನಡೆಯುವುದೇ ಆ ಪಟ್ಟಿ ಮೇಲೆ.

ಸದಸ್ಯೆಯಾಗಿ ವೈನಿ ಕೈಯಲ್ಲಿ ಈಗಲೇ ಇರುವ ಇನ್ನೊಂದು ಸಂಗತಿ ವಿಧಾನ ಪರಿಷತ್ತಿನ ಮತ. ಸ್ಥಳೀಯ ಸಂಸ್ಥೆಗಳ ಕ್ಷೇತ್ರದಲ್ಲಿ ಗ್ರಾಮ ಪಂಚಾಯಿತಿ ಸದಸ್ಯರೂ ಮತದಾರರು. ಬೆಳಗಾವಿಯಿಂದ ಇಬ್ಬರು ಆರಿಸಿ ಬರುತ್ತಾರೆ. ದೊಡ್ಡವರು ಮನೆ ಬಾಗಿಲಿಗೆ ಬರುವುದು ಆಗಲೇ, ಪಕ್ಷದಲ್ಲಿ ತಾಲ್ಲೂಕು ಮಟ್ಟದ ಹೊಣೆ ಕೇಳುವುದೂ ಆಗಲೇ ಸರಿ. ಅಲ್ಲಿ ಮತಪತ್ರದ ಮೇಲೆ ಅಲ್ಲಿಯೇ ಕೊಟ್ಟ ಪೆನ್ನಿನಿಂದ, ಆಯ್ಕೆಯ ಕ್ರಮದಲ್ಲಿ, 1, 2 ಅಂತ ಅಂಕಿ ಬರೆಯಬೇಕು. ಟಿಕ್ ಹಾಕಿದರೆ, ಸಹಿ ಮಾಡಿದರೆ ಮತ ಕುಲಗೆಡುತ್ತದೆ.

ವಿಧಾನಸಭೆ ಟಿಕೆಟ್ ಕೇಳುವ ದಿನ ಬಂದರೆ: ವಯಸ್ಸು 25 ಆಗಿರಬೇಕು. ಠೇವಣಿ 10,000 ರೂಪಾಯಿ, ಪರಿಶಿಷ್ಟರಿಗೆ 5,000. ಮಹಿಳೆ ಅಂತ ರಿಯಾಯಿತಿ ಇಲ್ಲ. ಪಕ್ಷಕ್ಕೆ ಕಟ್ಟುವ ಅರ್ಜಿ ದುಡ್ಡು ಬೇರೆ. 2023ರ ಚುನಾವಣೆಗೆ ಕಾಂಗ್ರೆಸ್ ಸಾಮಾನ್ಯ ವರ್ಗದವರಿಂದ 2 ಲಕ್ಷ, ಪರಿಶಿಷ್ಟರಿಂದ 1 ಲಕ್ಷದ ಡಿಡಿ ಪಡೆದಿತ್ತು. ಆಸ್ತಿ, ಕೇಸುಗಳ ವಿವರ ಕೊಡುವ ಫಾರಂ 26ರ ಅಫಿಡವಿಟ್‌ನಲ್ಲಿ ಒಂದು ಕಾಲಂ ಸಹ ಖಾಲಿ ಬಿಡಬೇಡಿ, ಇಲ್ಲದಿದ್ದರೆ "ಇಲ್ಲ" ಅಂತಲಾದರೂ ಬರೆಯಿರಿ. ಪಕ್ಷದ ಬಿ ಫಾರಂ ನಾಮಪತ್ರದ ಕೊನೇ ದಿನ ಮಧ್ಯಾಹ್ನ 3 ಗಂಟೆಯೊಳಗೆ ತಲುಪಬೇಕು. ಖರ್ಚಿಗೆ ಬೇರೆಯೇ ಬ್ಯಾಂಕ್ ಖಾತೆ ತೆರೆದು ಎಲ್ಲ ಅದರಿಂದಲೇ ಮಾಡಿ, ಮಿತಿ 40 ಲಕ್ಷ.

ಫಲಿತಾಂಶ ಬಂದ 30 ದಿನದೊಳಗೆ ಆ ಖರ್ಚಿನ ಲೆಕ್ಕ ಜಿಲ್ಲಾ ಚುನಾವಣಾಧಿಕಾರಿಗೆ ಕೊಡಬೇಕು. ಸೋತವರು ಮುಖ ಸಣ್ಣದು ಮಾಡಿಕೊಂಡು ಮನೆಯಲ್ಲಿ ಕೂತು ಇದನ್ನೇ ಮರೆಯುತ್ತಾರೆ, ಚುನಾವಣಾ ಆಯೋಗ ಮೂರು ವರ್ಷ ಅನರ್ಹ ಮಾಡುತ್ತದೆ. ಜೊಲ್ಲೆ ನಿಪ್ಪಾಣಿಯಲ್ಲಿ 2008ರಲ್ಲಿ ಸೋತು 2013ರಲ್ಲಿ ಗೆದ್ದವರು. ಉಮಾಶ್ರೀ ತೇರದಾಳದಲ್ಲೂ ಹಾಗೇ. ಹೆಬ್ಬಾಳಕರ 2013ರಲ್ಲಿ ಬೆಳಗಾವಿ ಗ್ರಾಮೀಣದಲ್ಲಿ, 2014ರಲ್ಲಿ ಲೋಕಸಭೆಗೆ ಎರಡೂ ಸಲ ಸೋತು 2018ರಲ್ಲಿ 50 ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ ಬಂದವರು. ವೈನಿ ಮೊದಲ ಸಲ ಸೋಲುವ ಸಾಧ್ಯತೆಯೇ ಹೆಚ್ಚು, ಆ ಲೆಕ್ಕದ ಫೈಲನ್ನು ಯಾರು ತಯಾರು ಮಾಡುತ್ತಾರೆ ಅನ್ನುವುದನ್ನ ನಾಮಪತ್ರ ಹಾಕುವ ದಿನವೇ ಗೊತ್ತು ಮಾಡಿಕೊಳ್ಳಿ.