ಓದುಗರ ಪ್ರಶ್ನೆ: ಒಂದು ಫೋಟಾನ್, ಅರ್ಧ ಮಿಲಿವೋಲ್ಟ್

ಪ್ರಶ್ನೆ: ಪ್ರಾಜೆಕ್ಟಿಗೆಂದು 3 ಮಿ.ಮೀ. ಚದರದ ಸಿಲಿಕಾನ್ ಫೋಟೊಮಲ್ಟಿಪ್ಲೈಯರ್ (ತೀರಾ ಮಂದ ಬೆಳಕನ್ನು ಗುರುತಿಸುವ ಬಿಲ್ಲೆ) ಸಿಕ್ಕಿದೆ. ಹಮಾಮಾತ್ಸು ಎಸ್13360 ಸರಣಿಯ 3050 ಮಾದರಿ. ಒಳಗೆ ಸಾವಿರಾರು ಡಯೋಡುಗಳಿವೆಯಂತೆ, ಹೊರಗೆ ನೋಡಿದರೆ ಆನೋಡ್, ಕ್ಯಾಥೋಡ್ ಎರಡೇ. ಒಂದೇ ಒಂದು ಫೋಟಾನ್ ಬಂದರೂ ಇದು ಹೇಳುತ್ತದೆ ಅನ್ನುವುದು ನಿಜವೇ?
– ಎಂ.ಎಸ್ಸಿ. ವಿದ್ಯಾರ್ಥಿನಿ, ಡೊಂಬಿವಲಿ

ಉತ್ತರ: ನಿಜ, ಆದರೆ ಬಿದ್ದ ಎಲ್ಲ ಫೋಟಾನನ್ನೂ ಅಲ್ಲ. 450 ನ್ಯಾನೊಮೀಟರಿನ ನೀಲಿ ಬೆಳಕಿನಲ್ಲಿ ನೂರು ಬಿದ್ದರೆ ಸುಮಾರು ನಲವತ್ತು ಸಿಕ್ಕುತ್ತವೆ.

ನಿಮ್ಮ ಬಿಲ್ಲೆಯಲ್ಲಿ 50 ಮೈಕ್ರಾನ್ ಅಗಲದ 3600 ಕೋಶಗಳಿವೆ. ಪ್ರತಿ ಕೋಶವೂ ಒಂದು ಡಯೋಡ್, ಅದರ ಜತೆ ಸರಣಿಯಲ್ಲಿ ಒಂದು ಕ್ವೆಂಚ್ ರೆಸಿಸ್ಟರ್. ಎಲ್ಲ ಕೋಶಗಳೂ ಸಮಾಂತರವಾಗಿ ಸೇರಿರುವುದರಿಂದ ಹೊರಗೆ ಎರಡೇ ತುದಿ. ಈ ಡಯೋಡನ್ನು ಬ್ರೇಕ್‌ಡೌನ್ ವೋಲ್ಟೇಜಿಗಿಂತ (ಹಿಮ್ಮುಖವಾಗಿ ಕರೆಂಟ್ ನುಗ್ಗಲು ಶುರುವಾಗುವ ವೋಲ್ಟೇಜ್, ಸುಮಾರು 53 ವೋಲ್ಟ್) 3 ವೋಲ್ಟ್ ಮೇಲೆ, ರಿವರ್ಸ್ ಬಯಾಸಿನಲ್ಲಿ, ಅಂದರೆ ತಿರುಗಾಗಿ ವೋಲ್ಟೇಜ್ ಕೊಟ್ಟು, ಇಡುತ್ತಾರೆ. ಆ ಸ್ಥಿತಿಯಲ್ಲಿ ಫೋಟಾನೊಂದು ಒಂದು ಎಲೆಕ್ಟ್ರಾನನ್ನು ಬಿಡಿಸಿದರೆ ಸಾಕು, ಅದು ಓಡುತ್ತ ಇನ್ನಷ್ಟನ್ನು ಬಡಿದೆಬ್ಬಿಸುತ್ತದೆ, ಅವು ಮತ್ತಷ್ಟನ್ನು. ಕರೆಂಟ್ ಒಮ್ಮೆಲೇ ಏರುತ್ತದೆ. ಏರಿದ ಕರೆಂಟು ಕ್ವೆಂಚ್ ರೆಸಿಸ್ಟರಿನ ಮೂಲಕವೇ ಹರಿಯಬೇಕಾದ್ದರಿಂದ ಅಲ್ಲಿ ವೋಲ್ಟೇಜ್ ಬೀಳುತ್ತದೆ, ಡಯೋಡಿನ ಪಾಲಿಗೆ ಉಳಿಯುವುದು ಬ್ರೇಕ್‌ಡೌನಿಗೆ ಇಳಿದು ಸ್ಫೋಟ ತಾನಾಗಿ ಆರುತ್ತದೆ. ಬಳಿಕ ಕೆಲವು ಹತ್ತು ನ್ಯಾನೊಸೆಕೆಂಡಿನಲ್ಲಿ ಕೋಶ ಮತ್ತೆ ಚಾರ್ಜ್ ಆಗುತ್ತದೆ. ಬಚ್ಚಲುಮನೆಯ ಫ್ಲಶ್ ಟ್ಯಾಂಕಿನ ಹಾಗೆ: ಗುಂಡಿ ಮೆಲ್ಲಗೆ ಒತ್ತಿದರೂ ಜೋರಾಗಿ ಒತ್ತಿದರೂ ಬರುವ ನೀರು ಅಷ್ಟೇ, ತುಂಬುವವರೆಗೆ ಮತ್ತೆ ಒತ್ತಿ ಲಾಭವಿಲ್ಲ.

ಹಾಗಾಗಿ ಒಂದು ಕೋಶಕ್ಕೆ ಎಷ್ಟು ಫೋಟಾನ್ ಬಂತೆಂದು ಗೊತ್ತಾಗುವುದಿಲ್ಲ. ಎಷ್ಟು ಕೋಶ ಸಿಡಿದವು ಅನ್ನುವುದೇ ಲೆಕ್ಕ. ಸಣ್ಣ ಬೆಳಕಿಗೆ ಇದು ನೇರ, ದೊಡ್ಡ ಬೆಳಕಿಗೆ ಅಲ್ಲ. ಪ್ರತಿಯೊಂದೂ ಒಂದು ಕೋಶವನ್ನು ಸಿಡಿಸಬಲ್ಲ 3600 ಫೋಟಾನ್‌ಗಳು ಒಟ್ಟಿಗೆ ಬಂದರೂ, ಕೆಲವು ಒಂದೇ ಕೋಶದ ಮೇಲೆ ಬೀಳುವುದರಿಂದ ಸಿಡಿಯುವುದು ಸುಮಾರು 2275 ಮಾತ್ರ.

ಒಂದು ಕೋಶ ಸಿಡಿದರೆ ಹೊರಬರುವುದು ಸುಮಾರು 17 ಲಕ್ಷ ಎಲೆಕ್ಟ್ರಾನ್, ಅಂದರೆ 0.27 ಪಿಕೊಕೂಲಂಬ್. ಸಿಗ್ನಲಿನ ಬಾಲ 30 ನ್ಯಾನೊಸೆಕೆಂಡಿನ ಟೈಮ್ ಕಾನ್‌ಸ್ಟಂಟಿನಲ್ಲಿ ಇಳಿಯುತ್ತದೆಂದು ಇಟ್ಟುಕೊಂಡರೆ ಶಿಖರದಲ್ಲಿ 9 ಮೈಕ್ರೊಆಂಪ್, 50 ಓಮಿನ ಮೇಲೆ 0.45 ಮಿಲಿವೋಲ್ಟ್. ಒಂಟಿ ಫೋಟಾನನ್ನು ಕಣ್ಣಾರೆ ನೋಡಬೇಕಿದ್ದರೆ ನಡುವೆ ವೇಗದ ಆಂಪ್ಲಿಫೈಯರ್ ಬೇಕೇ ಬೇಕು. ಅದಿಲ್ಲದೆ ಆಸಿಲೋಸ್ಕೋಪಿನ ಮುಂದೆ ಕೂತು 'ಪೀಸ್ ಸತ್ತಿದೆ' ಎಂದು ತೀರ್ಮಾನಿಸುವವರು ಬಹಳ.

ಪ್ರಶ್ನೆ: ಇದೇ ಮಾದರಿಯನ್ನು ಸಿಂಟಿಲೇಟರಿಗೆ (ಕಣ ಹಾಯ್ದಾಗ ಮಿನುಗುವ ವಸ್ತು) ಅಂಟಿಸಿದ್ದೇನೆ. ಸಿಗ್ನಲ್ ನ್ಯಾನೊಸೆಕೆಂಡಿನದೆಂದು ಓದಿದ್ದೆ, ಸ್ಕೋಪಿನಲ್ಲಿ ಕಾಣುವುದು ಹಲವು ಮೈಕ್ರೊಸೆಕೆಂಡ್ ಅಗಲದ ದಿಬ್ಬ. ಲೋಡ್ ರೆಸಿಸ್ಟರ್ 10 ಕಿಲೊಓಮ್, ಒಂದು ಮೀಟರ್ ಕೋಆಕ್ಸ್ ಕೇಬಲ್.
– ನಿವೃತ್ತ ಪಾಲಿಟೆಕ್ನಿಕ್ ಉಪನ್ಯಾಸಕರು, ಪಿಂಪ್ರಿ, ಪುಣೆ

ಉತ್ತರ: ಮೇಷ್ಟ್ರೇ, ತಪ್ಪು ಬಿಲ್ಲೆಯದಲ್ಲ, ಲೋಡಿನದು. ಬಿಲ್ಲೆಯ ಕೆಪ್ಯಾಸಿಟೆನ್ಸ್ 320 ಪಿಕೊಫ್ಯಾರಡ್, ಕೇಬಲಿನದು ಮೀಟರಿಗೆ ಸುಮಾರು 100. 420 ಪಿಕೊಫ್ಯಾರಡನ್ನು 10 ಕಿಲೊಓಮಿಗೆ ಗುಣಿಸಿದರೆ 4.2 ಮೈಕ್ರೊಸೆಕೆಂಡ್. ನಿಮಗೆ ಕಾಣುತ್ತಿರುವ ದಿಬ್ಬ ಅದೇ. ಲೋಡನ್ನು 50 ಓಮ್ ಮಾಡಿ: 320 ಪಿಕೊಫ್ಯಾರಡಿಗೆ 16 ನ್ಯಾನೊಸೆಕೆಂಡ್, ಆ 50 ಓಮ್ ಕೇಬಲಿನ ಕೊನೆಯಲ್ಲಿದ್ದರೆ ಕೇಬಲ್ ಲೆಕ್ಕಕ್ಕೇ ಬರುವುದಿಲ್ಲ. ಎತ್ತರ ಕಡಿಮೆಯಾಗುತ್ತದೆ, ಆಗಲಿ. ಅದನ್ನು ಆಂಪ್ಲಿಫೈಯರಿನಿಂದ ಪಡೆಯಬಹುದು, ಕಳೆದ ವೇಗವನ್ನು ಪಡೆಯಲಾಗದು.

ಜೋಡಣೆ ಹೀಗಿರಲಿ. 56 ವೋಲ್ಟಿನ ಸಪ್ಲೈಯಿಂದ 10 ಕಿಲೊಓಮ್ ಮೂಲಕ ಕ್ಯಾಥೋಡಿಗೆ, ಕ್ಯಾಥೋಡಿನಿಂದ ಗ್ರೌಂಡಿಗೆ 100 ನ್ಯಾನೊಫ್ಯಾರಡಿನ ಸೆರಾಮಿಕ್ ಕೆಪ್ಯಾಸಿಟರ್, ಆನೋಡಿನಿಂದ ಸಿಗ್ನಲ್. ಕೆಪ್ಯಾಸಿಟರ್ 100 ವೋಲ್ಟಿನದಿರಲಿ. 63 ವೋಲ್ಟಿನದು ಸಿಡಿಯಲಾರದು, ಆದರೆ ಇಷ್ಟು ಡಿಸಿ ಹೇರಿದಾಗ ಸೆರಾಮಿಕ್ಕಿನ ಬೆಲೆ ಗಣನೀಯವಾಗಿ ಕುಗ್ಗುತ್ತದೆ. ಅದನ್ನು ಬಿಲ್ಲೆಯಿಂದ ಕೆಲವೇ ಮಿಲಿಮೀಟರ್ ದೂರದಲ್ಲಿ ಬೆಸೆಯಿರಿ. ಉದ್ದ ತಂತಿ ಹಾಕಿದರೆ ಸಿಗ್ನಲಿನ ಮೊದಲ ಅಂಚಿನ ಹಿಂದೆಯೇ ತೂಗಾಟ ಶುರುವಾಗುತ್ತದೆ. ಬ್ರೆಡ್‌ಬೋರ್ಡನ್ನಂತೂ ಮರೆತುಬಿಡಿ. ಸ್ಕೋಪಿನಲ್ಲಿ 50 ಓಮ್ ಆಯ್ಕೆ ಇಲ್ಲದಿದ್ದರೆ ಬಿಎನ್‌ಸಿ ಟೀ ಹಾಕಿ ಒಂದು ಬದಿಗೆ 50 ಓಮ್ ಟರ್ಮಿನೇಟರ್ ಸಿಕ್ಕಿಸಿ.

ಸಪ್ಲೈಯ ದಾರಿಯಲ್ಲಿರುವ ಆ 10 ಕಿಲೊಓಮಿನ ಬಗ್ಗೆ ಒಂದು ಎಚ್ಚರಿಕೆ. ಬೂಸ್ಟ್ ಕನ್ವರ್ಟರಿನ (ಕಡಿಮೆ ವೋಲ್ಟೇಜನ್ನು ಮೇಲೇರಿಸುವ ಸಪ್ಲೈ) ಸ್ವಿಚಿಂಗ್ ಗದ್ದಲವನ್ನು ಅದು ಸೋಸುತ್ತದೆ, ಕರೆಂಟಿಗೆ ಕಡಿವಾಣವನ್ನೂ ಹಾಕುತ್ತದೆ. ಆದರೆ ಸರಾಸರಿ ಕರೆಂಟ್ 100 ಮೈಕ್ರೊಆಂಪ್ ಮುಟ್ಟಿದರೆ ಅದರ ಮೇಲೆಯೇ 1 ವೋಲ್ಟ್ ಬೀಳುತ್ತದೆ, ಬಿಲ್ಲೆಗೆ 3 ವೋಲ್ಟಿನ ಬದಲು 2 ವೋಲ್ಟ್ ಮಾತ್ರ. ಬೆಳಕು ಹೆಚ್ಚಿಸಿದಂತೆ ಸಿಗ್ನಲ್ ಸಣ್ಣದಾದರೆ ಮೊದಲು ಇಲ್ಲಿ ಮೀಟರ್ ಇಡಿ. ಅಂದ ಹಾಗೆ, ಸಿಂಟಿಲೇಟರನ್ನು ಯಾವುದರಿಂದ ಅಂಟಿಸಿದಿರಿ? ಆಪ್ಟಿಕಲ್ ಗ್ರೀಸನ್ನು ತೆಳ್ಳಗೆ, ಗುಳ್ಳೆಯಿಲ್ಲದಂತೆ ಹಚ್ಚಿ. ನಡುವೆ ಗಾಳಿ ಉಳಿದರೆ ಬೆಳಕಿನ ದೊಡ್ಡ ಪಾಲು ಒಳಕ್ಕೇ ಹಿಂತಿರುಗುತ್ತದೆ.

ಪ್ರಶ್ನೆ: ಬೆಳಿಗ್ಗೆ ಸರಿಯಾಗಿರುವ ಎಣಿಕೆ ಮಧ್ಯಾಹ್ನಕ್ಕೆ ಹಾದಿ ತಪ್ಪುತ್ತದೆ. ಪೂರ್ತಿ ಕತ್ತಲಲ್ಲೂ ಸೆಕೆಂಡಿಗೆ ಲಕ್ಷಗಟ್ಟಲೆ ಪಲ್ಸ್. ಮುಂಬಯಿಯ ಸೆಕೆಗೆ ಏನು ಮಾಡಬೇಕು?
– ಹವ್ಯಾಸಿ, ಮುಲುಂಡ್

ಉತ್ತರ: ಕತ್ತಲಲ್ಲೂ ಪಲ್ಸ್ ಬರುವುದು ಸಹಜ. ಶಾಖವೇ ಎಲೆಕ್ಟ್ರಾನನ್ನು ಬಿಡಿಸುತ್ತದೆ, ಕೋಶಕ್ಕೆ ಅದು ಬೆಳಕಿನಿಂದ ಬಂದದ್ದೋ ಶಾಖದಿಂದ ಬಂದದ್ದೋ ತಿಳಿಯುವುದಿಲ್ಲ. ಮೇಲೆ ಹೇಳಿದ 3 ಮಿ.ಮೀ. ಬಿಲ್ಲೆಯಲ್ಲಿ 25 ಡಿಗ್ರಿಗೆ ಸೆಕೆಂಡಿಗೆ ಸುಮಾರು 5 ಲಕ್ಷ. ಉಷ್ಣತೆ ಹತ್ತು ಡಿಗ್ರಿ ಏರಿದರೆ ಹೆಚ್ಚುಕಡಿಮೆ ಇಮ್ಮಡಿ.

ಆದರೆ ಇವೆಲ್ಲ ಬಹುಪಾಲು ಒಂಟಿ ಕೋಶದ ಪಲ್ಸ್. ಥ್ರೆಶೋಲ್ಡನ್ನು (ಇದಕ್ಕಿಂತ ಎತ್ತರದ ಪಲ್ಸನ್ನಷ್ಟೇ ಎಣಿಸುವ ಮಟ್ಟ) ಒಂದೂವರೆ ಕೋಶದ ಎತ್ತರಕ್ಕೆ ಏರಿಸಿದರೆ ಉಳಿಯುವುದು ಮುಖ್ಯವಾಗಿ ಕ್ರಾಸ್‌ಟಾಕಿನವು. ಸ್ಫೋಟದಲ್ಲಿ ಹುಟ್ಟಿದ ಬೆಳಕು ಪಕ್ಕದ ಕೋಶವನ್ನು ಸಿಡಿಸುವುದೇ ಕ್ರಾಸ್‌ಟಾಕ್, ಈ ಮಾದರಿಯಲ್ಲಿ ನೂರಕ್ಕೆ ಮೂರರಷ್ಟು. 5 ಲಕ್ಷ 15 ಸಾವಿರಕ್ಕೆ ಇಳಿಯಿತು. ಕಾಸ್ಮಿಕ್ ಮ್ಯೂಆನಿನ (ಆಕಾಶದಿಂದ ಬರುವ ಕಣ) ಸಿಗ್ನಲಿನಲ್ಲಿ ಸಾಮಾನ್ಯವಾಗಿ ಹತ್ತಾರು ಕೋಶಗಳಿರುವುದರಿಂದ ಥ್ರೆಶೋಲ್ಡನ್ನು ಇನ್ನೂ ಮೇಲೆ ಒಯ್ಯಬಹುದು.

ಮಧ್ಯಾಹ್ನದ ಎಡವಟ್ಟಿಗೆ ಬೇರೆ ಕಾರಣ. ಬ್ರೇಕ್‌ಡೌನ್ ವೋಲ್ಟೇಜೇ ಡಿಗ್ರಿಗೆ 54 ಮಿಲಿವೋಲ್ಟ್ ಏರುತ್ತದೆ. 56 ವೋಲ್ಟಿಗೆ ಕಟ್ಟಿಹಾಕಿದ್ದರೆ 25ರಿಂದ 35 ಡಿಗ್ರಿಗೆ ಹೋಗುವಷ್ಟರಲ್ಲಿ ಮೇಲಿನ 3 ವೋಲ್ಟ್ 2.46ಕ್ಕೆ ಇಳಿದು ಗೇನ್ (ಒಂದು ಕೋಶ ಸಿಡಿದಾಗ ಬರುವ ಎಲೆಕ್ಟ್ರಾನ್‌ಗಳ ಲೆಕ್ಕ) ನೂರಕ್ಕೆ 18ರಷ್ಟು ಕುಸಿಯುತ್ತದೆ. ಗದ್ದಲ ಏರುತ್ತದೆ, ನಿಜವಾದ ಸಿಗ್ನಲ್ ಕುಗ್ಗಿ ಥ್ರೆಶೋಲ್ಡಿನ ಕೆಳಗೆ ಜಾರುತ್ತದೆ. ಬಯಾಸನ್ನೂ ಅದೇ ಪ್ರಮಾಣದಲ್ಲಿ ಏರಿಸಬೇಕು. ಲ್ಯಾಮಿಂಗ್ಟನ್ ರೋಡಿನಲ್ಲಿ ಎಲ್‌ಎಂ35 ಎಂಬ ಉಷ್ಣತೆಯ ಸೆನ್ಸರ್ ಕೇಳಿ ತನ್ನಿ. ಅದು ಡಿಗ್ರಿಗೆ 10 ಮಿಲಿವೋಲ್ಟ್ ಕೊಡುತ್ತದೆ, ಆಪ್‌ಆಂಪಿನಲ್ಲಿ 5.4 ಪಟ್ಟು ಮಾಡಿ, 25 ಡಿಗ್ರಿಗೆ ಒಟ್ಟು 56 ವೋಲ್ಟ್ ಬರುವಂತೆ ಬಯಾಸಿಗೆ ಕೂಡಿಸಿ. ಸೆನ್ಸರ್ ಬಿಲ್ಲೆಯ ಬೆನ್ನಿಗೇ ತಾಗಿರಬೇಕು, ಡಬ್ಬಿಯ ಗೋಡೆಗಲ್ಲ. ಬೆಳಕಿನ ಸೋರಿಕೆಯ ಅನುಮಾನವಿದ್ದರೆ ಡಬ್ಬಿಯ ಸುತ್ತ ಟಾರ್ಚ್ ಆಡಿಸುತ್ತ ಬಯಾಸ್ ಕರೆಂಟ್ ನೋಡಿ. ಎಲ್ಲಿ ಮುಳ್ಳು ಹಾರುತ್ತದೋ ಅಲ್ಲಿ ಇನ್ನೊಂದು ಸುತ್ತು ಕಪ್ಪು ಟೇಪ್.

ಪ್ರಶ್ನೆ: ನಮ್ಮ ಕಡೆ ದೊಡ್ಡ ಪ್ರಯೋಗಗಳಲ್ಲಿ ಇದರ ಬಳಕೆ ಇದೆಯೇ? ಹಳೆಯ ಫೋಟೊಮಲ್ಟಿಪ್ಲೈಯರ್ ಟ್ಯೂಬ್ (ಇದೇ ಕೆಲಸದ ನಿರ್ವಾತ ಕೊಳವೆ) ಯಾಕೆ ಸಾಲದು?
– ವಾಸ್ಕೋ, ಗೋವಾ

ಉತ್ತರ: ಇದೆ. ಜಿನೀವಾ ಬಳಿಯ ಸಿಎಂಎಸ್ ಎಂಬ ಕಣಭೌತ ಪ್ರಯೋಗದ ಹೊರ ಹ್ಯಾಡ್ರಾನ್ ಕ್ಯಾಲರಿಮೀಟರ್ (ಕಣಗಳ ಶಕ್ತಿ ಅಳೆಯುವ ಭಾಗ) ಕಟ್ಟುವುದರಲ್ಲಿ ಕೊಲಾಬಾದ ಟಿಐಎಫ್‌ಆರ್ (ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ) ದೊಡ್ಡ ಪಾಲು ವಹಿಸಿತ್ತು. ಅದರಲ್ಲಿ ಮೊದಲಿದ್ದ ಹೈಬ್ರಿಡ್ ಫೋಟೊಡಯೋಡ್ ಎಂಬ ಬೆಳಕಿನ ಸೆನ್ಸರುಗಳು ಕಾಂತಕ್ಷೇತ್ರದಲ್ಲಿ ಕಾಟ ಕೊಟ್ಟಾಗ, 2013ರಲ್ಲಿ ಶುರುವಾದ ದೀರ್ಘ ಬಿಡುವಿನಲ್ಲಿ ಅವುಗಳ ಜಾಗಕ್ಕೆ ಸಿಲಿಕಾನ್ ಬಿಲ್ಲೆಗಳು ಬಂದವು. ಮದುರೈನಲ್ಲಿರುವ ಮಿನಿ-ಐಕ್ಯಾಲ್ ಎಂಬ ಕಣ ಡಿಟೆಕ್ಟರಿನ ಮ್ಯೂಆನ್ ವೀಟೋಗೂ (ಹೊರಗಿನಿಂದ ಬರುವ ಮ್ಯೂಆನ್‌ಗಳನ್ನು ಗುರುತಿಸಿ ಲೆಕ್ಕದಿಂದ ಬಿಡುವ ಭಾಗ) ಸಿಂಟಿಲೇಟರ್ ಪಟ್ಟಿ, ಫೈಬರ್, ಸಿಲಿಕಾನ್ ಬಿಲ್ಲೆ ಎಂಬುದೇ ಜೋಡಣೆ.

ಟ್ಯೂಬಿಗೆ ಸಾಮಾನ್ಯವಾಗಿ ಸಾವಿರ ವೋಲ್ಟಿನ ಆಸುಪಾಸು ಬೇಕು, ಕಾಂತಕ್ಷೇತ್ರದಲ್ಲಿ ಅದರ ಎಲೆಕ್ಟ್ರಾನ್‌ಗಳು ದಾರಿ ತಪ್ಪುತ್ತವೆ. ಹಾಗೆಂದು ಟ್ಯೂಬ್ ಸತ್ತಿಲ್ಲ. ಅಂಗೈಯಗಲದ ಮುಖ ಬೇಕಾದಲ್ಲಿ, ಕತ್ತಲಿನ ಎಣಿಕೆ ತೀರಾ ಕಡಿಮೆ ಇರಬೇಕಾದಲ್ಲಿ ಇಂದಿಗೂ ಅದೇ ವಾಸಿ. ಪವರ್ ಆನ್ ಇರುವಾಗ ಡಬ್ಬಿ ತೆರೆದರೆ ಟ್ಯೂಬಿಗೆ ಆಪತ್ತು. ಸಿಲಿಕಾನ್ ಬಿಲ್ಲೆ, ಸರಣಿಯಲ್ಲಿ ಆ 10 ಕಿಲೊಓಮ್ ಇದ್ದರೆ, ಕೋಣೆಯ ಬೆಳಕಿನಲ್ಲೂ ಉಳಿದುಕೊಳ್ಳುತ್ತದೆ.