ರೈತರೇ ಸರ್ಕಾರ ಮಾಡಿದ್ದು ಎಲ್ಲಾದ್ರೂ ಇದ್ಯಾ?

ಪ್ರಶ್ನೆ: ಸಾರ್, ನಮ್ಮ ಪುಟ್ಟಣ್ಣಯ್ಯನವರು 1994ರಲ್ಲಿ ರೈತಸಂಘದಿಂದ ಗೆದ್ದು ವಿಧಾನಸಭೆಗೆ ಹೋಗಿದ್ದು ಗೊತ್ತೇ ಇದೆ. ಒಬ್ಬಿಬ್ರು ಗೆಲ್ಲೋದು ಬೇರೆ, ರೈತರೇ ಸೇರ್ಕೊಂಡು ಒಂದು ರಾಜ್ಯದ ಸರ್ಕಾರನೇ ಹಿಡಿದಿದ್ದು ಎಲ್ಲಾದ್ರೂ ಇದ್ಯಾ? ಹಿಡಿದಿದ್ರೆ ಉಳೀತಾ?
– ಒಬ್ಬ ಓದುಗರು, ಪಾಂಡವಪುರ

ಉತ್ತರ: ಇದೆ. ಕೆನಡಾದ ಒಂಟಾರಿಯೋ ಪ್ರಾಂತ್ಯದಲ್ಲಿ, 1919ರಲ್ಲಿ. ಅಲ್ಲಿ ಪ್ರೀಮಿಯರ್, ಅಂದ್ರೆ ನಮ್ಮ ಲೆಕ್ಕದಲ್ಲಿ ಮುಖ್ಯಮಂತ್ರಿ, ಆದವರು ಅರ್ನೆಸ್ಟ್ ಚಾರ್ಲ್ಸ್ ಡ್ರೂರಿ ಅನ್ನೋ ರೈತ.

ಬ್ಯಾರಿ ಪಟ್ಟಣದ ಹತ್ರ ಕ್ರೌನ್ ಹಿಲ್ ಅವರ ಊರು, ಹುಟ್ಟಿದ್ದು 1878ರಲ್ಲಿ. ಅಪ್ಪ ಚಾರ್ಲ್ಸ್ ಡ್ರೂರಿ ಒಂಟಾರಿಯೋದ ಮೊದಲ ಕೃಷಿ ಮಂತ್ರಿ, ಹಾಗಾಗಿ ರಾಜಕೀಯ ಆ ಮನೆಗೆ ಹೊಸದೇನಲ್ಲ. ಮಗ 1900ರಲ್ಲಿ ಗ್ವೆಲ್ಫ್‌ನ ಕೃಷಿ ಕಾಲೇಜಲ್ಲಿ ಡಿಗ್ರಿ ಮುಗಿಸಿ ಊರಿಗೆ ವಾಪಸ್ ಬಂದು ಬೇಸಾಯಕ್ಕೆ ನಿಂತ್ರು. 1914ರಲ್ಲಿ ಯುನೈಟೆಡ್ ಫಾರ್ಮರ್ಸ್ ಆಫ್ ಒಂಟಾರಿಯೋ ಅನ್ನೋ ರೈತ ಸಂಘಟನೆ ಕಟ್ಟಿದವರಲ್ಲಿ ಇವರೂ ಒಬ್ರು.

ಆ ಸಂಘಟನೆನ ಎಲೆಕ್ಷನ್‌ಗೆ ತಳ್ಳಿದ್ದರಲ್ಲಿ ದೊಡ್ಡ ಪಾಲು ಕೊಟ್ಟ ಮಾತಿಗೆ ತಪ್ಪಿದ ಕೇಂದ್ರ ಸರ್ಕಾರದ್ದು. ಮೊದಲನೇ ಮಹಾಯುದ್ಧ ನಡೀತಿತ್ತು, 1917ರಲ್ಲಿ ಕಡ್ಡಾಯವಾಗಿ ಸೈನ್ಯಕ್ಕೆ ಸೇರಿಸೋ ಕಾನೂನು ಬಂತು, ಎಲೆಕ್ಷನ್ ಟೈಮಲ್ಲಿ ರೈತರ ಮಕ್ಕಳನ್ನ ಕರೆಯಲ್ಲ ಅಂತ ಮಾತು ಕೊಟ್ರು, ಓಟು ಹಾಕಿಸ್ಕೊಂಡ್ರು, 1918ರ ಏಪ್ರಿಲ್‌ನಲ್ಲಿ ಆ ವಿನಾಯಿತಿನೇ ಕಿತ್ತುಹಾಕಿದ್ರು. ಏಪ್ರಿಲ್ ಅಂದ್ರೆ ಅಲ್ಲಿ ಹಿಮ ಕರಗಿ ಬಿತ್ತನೆಗೆ ಭೂಮಿ ಸಿದ್ಧ ಆಗೋ ಹೊತ್ತು, ಮನೇಲಿ ದುಡಿಯೋ ಹುಡುಗನ್ನೇ ಕರ್ಕೊಂಡು ಹೋದ್ರೆ ಉಳೋರು ಯಾರು? ಮೇ ತಿಂಗಳಲ್ಲಿ ಸುಮಾರು 5000 ರೈತರು ಹೊಲದ ಕೆಲಸ ಬಿಟ್ಟು ರಾಜಧಾನಿ ಒಟ್ಟಾವಾಕ್ಕೆ ಹೋಗಿ ಪ್ರಧಾನಿ ಬೋರ್ಡನ್‌ರನ್ನ ಕೇಳ್ಕೊಂಡ್ರು. ಪ್ರಧಾನಿ ಜಪ್ಪಯ್ಯ ಅನ್ನಲಿಲ್ಲ. ಆವತ್ತು ಬರಿಗೈಲಿ ಊರಿಗೆ ಬಂದವರ ಹೊಟ್ಟೆಯುರಿ ಎಂಥದ್ದಿರಬೇಕು ಯೋಚನೆ ಮಾಡಿ.

1919ರ ಅಕ್ಟೋಬರ್ 20ರ ಪ್ರಾಂತೀಯ ಚುನಾವಣೇಲಿ ಅದು ಹೊರಗೆ ಬಂತು. 111 ಸೀಟಲ್ಲಿ ಸುಮಾರು 45 ರೈತರ ಪಾಲಾಯ್ತು, ಆಳ್ತಿದ್ದ ಪ್ರೀಮಿಯರ್ ಹರ್ಸ್ಟ್ ತಮ್ಮ ಸೀಟನ್ನೇ ಕಳ್ಕೊಂಡ್ರು. ಗೆದ್ದವರಿಗೆ ಒಬ್ಬ ನಾಯಕನೂ ಇರ್ಲಿಲ್ಲ! ಡ್ರೂರಿ ಆ ಚುನಾವಣೆಗೆ ನಿಂತೇ ಇರ್ಲಿಲ್ಲ, ಅವರನ್ನ ಕರೆದು ಪ್ರೀಮಿಯರ್ ಮಾಡಿದ್ರು, 11 ಜನ ಕಾರ್ಮಿಕ ಸದಸ್ಯರ ಜೊತೆ ಸೇರಿ ಸರ್ಕಾರ ಆಯ್ತು, ಆಮೇಲೆ 1920ರಲ್ಲಿ ಹಾಲ್ಟನ್ ಕ್ಷೇತ್ರದ ಉಪಚುನಾವಣೇಲಿ ಗೆದ್ದು ಸಭೆ ಸೇರಿದ್ರು.

ಅವರು ಮಾಡಿದ ಕೆಲಸ ನೋಡಿದ್ರೆ ನನಗೆ ಗೌರವ ಜಾಸ್ತಿ ಆಗುತ್ತೆ. ಮಕ್ಕಳನ್ನ ಸಾಕೋ ವಿಧವೆಯರಿಗೆ ಮಾಸಾಶನ, ದುಡಿಯೋ ಹೆಂಗಸರಿಗೆ ಕನಿಷ್ಠ ಕೂಲಿ, ರೈತರಿಗೆ ಸಾಲ ಸಿಗೋ ಹಾಗೆ ಪ್ರಾಂತ್ಯದ್ದೇ ಉಳಿತಾಯ ಬ್ಯಾಂಕು. ಇದರಲ್ಲಿ ಅರ್ಧಕ್ಕರ್ಧ ಪೇಟೆಯ ಬಡವರಿಗೆ ಅನ್ನೋದನ್ನ ಗಮನಿಸಿ. ಇನ್ನೊಂದು ಕೆಲಸ ಕಾಡು ಬೆಳೆಸಿದ್ದು. ಅವರ ಸಿಮ್ಕೋ ಜಿಲ್ಲೇಲಿ ಪೈನ್ ಮರ ಕಡಿದು ಉತ್ತ ಜಮೀನು ಎಷ್ಟೋ ಕಡೆ ಬರೀ ಮರಳಾಗಿ ಗಾಳಿಗೆ ಹಾರ್ತಿತ್ತು. ಅರಣ್ಯಾಧಿಕಾರಿ ಝಾವಿಟ್ಜ್ ಜೊತೆ ಸೇರಿ, ಜಾಗ ಜಿಲ್ಲೆಯದ್ದು, ನೆಟ್ಟು ನೋಡ್ಕೊಳ್ಳೋದು ಪ್ರಾಂತ್ಯದ್ದು ಅಂತ ಒಪ್ಪಂದ ಮಾಡಿ 1922ರಲ್ಲಿ ಗಿಡ ನೆಡೋಕೆ ಶುರು ಮಾಡಿದ್ರು. ಮುಂದೆ ಬೇರೆ ಜಿಲ್ಲೆಗಳೂ ಇದೇ ದಾರಿ ಹಿಡಿದ್ವು.

ಉಳೀತಾ ಅಂತ ಕೇಳಿದ್ರಿ. ಇಲ್ಲ, ನಾಲ್ಕು ವರ್ಷ ತುಂಬೋಕೆ ಮುಂಚೆನೇ ಹೋಯ್ತು. ವಿದ್ಯುತ್ ಮಂಡಳಿಯ ಆಡಮ್ ಬೆಕ್ ಜೊತೆ ಖರ್ಚಿನ ವಿಷಯಕ್ಕೆ ಗುದ್ದಾಟ, ಪಾನನಿಷೇಧ ಬಿಗಿ ಮಾಡಿ ಪೇಟೆಯವರ ಸಿಟ್ಟು. ಆದ್ರೆ ನನ್ನ ಪ್ರಕಾರ ಮುಖ್ಯ ಪೆಟ್ಟು ಒಳಗಿಂದಲೇ ಬಿತ್ತು. ಪಕ್ಷದ ಬಾಗಿಲು ಎಲ್ಲರಿಗೂ ತೆಗೀಬೇಕು ಅಂತ ಡ್ರೂರಿ, ಇದು ರೈತರದ್ದಾಗೇ ಇರ್ಬೇಕು ಅಂತ ಸಂಘದ ಕಾರ್ಯದರ್ಶಿ ಮಾರಿಸನ್. ಮಾರಿಸನ್ ಭಯನೂ ಸುಳ್ಳಲ್ಲ, ಹಳೇ ಪಕ್ಷಗಳು ರೈತರನ್ನ ನುಂಗಿದ್ದನ್ನ ಅವರು ಕಂಡಿದ್ರು. ಆದ್ರೂ ನಾನು ಡ್ರೂರಿ ಕಡೆಗೇ, 45 ಸೀಟು ಇಟ್ಕೊಂಡು ಬರೀ ರೈತರ ಸರ್ಕಾರ ನಡೆಸೋಕೆ ಆಗಲ್ಲ. ಒಗ್ಗಟ್ಟಿಲ್ಲದೆ 1923ರ ಚುನಾವಣೆಗೆ ಹೋದ್ರು, 17 ಸೀಟಿಗೆ ಇಳಿದ್ರು, ಹಾಲ್ಟನ್‌ನಲ್ಲಿ ಡ್ರೂರಿನೂ ಸೋತ್ರು.

ಪ್ರಶ್ನೆ: ಅಧಿಕಾರ ಹೋದ್ಮೇಲೆ ಏನ್ ಮಾಡಿದ್ರು?
– ಅದೇ ಓದುಗರು

ಉತ್ತರ: ಕ್ರೌನ್ ಹಿಲ್‌ನ ಜಮೀನಿಗೇ ವಾಪಸ್. 1934ರಿಂದ 1959ರವರೆಗೆ ಸಿಮ್ಕೋ ಜಿಲ್ಲೆಯ ಶೆರಿಫ್, ಅಂದ್ರೆ ಕೋರ್ಟಿನ ಆದೇಶ ಜಾರಿ ಮಾಡೋ ಅಧಿಕಾರಿ, ಆಗಿದ್ರು, 1968ರಲ್ಲಿ 90ನೇ ವಯಸ್ಸಲ್ಲಿ ತೀರ್ಕೊಂಡ್ರು. ಅವರನ್ನ ಸೋಲಿಸಿದ ಹಾಲ್ಟನ್ ಸೀಮೆಯ ಮಿಲ್ಟನ್ ಊರಲ್ಲೇ ಕಿವುಡ ಮಕ್ಕಳ ಸ್ಕೂಲಿಗೆ ಅವರ ಹೆಸರಿದೆ.