ಕುರ್ಚಿಯ ಮುದ್ರೆಯಲ್ಲಿ 'ಜೆ' ಬದಲು 'ಐ' ಇದ್ದರೆ ನಕಲಿಯೇ?

ನಿಮ್ಮ ಹಳೇ ಫ್ರೆಂಚ್ ಕುರ್ಚಿಯ ಮರಕ್ಕೆ ಒತ್ತಿದ ಬಡಗಿಯ ಹೆಸರಿನ ಮುದ್ರೆಯಲ್ಲಿ, ಜಾಕೋಬ್ ಎಂಬ ಹೆಸರು 'ಐ' ಅಕ್ಷರದಿಂದ ಶುರುವಾಗಿದೆ ಎಂದು ಹೆದರಬೇಡಿ. ಪ್ಯಾರಿಸ್‌ನ ಹೆಸರಾಂತ ಕುರ್ಚಿ ಬಡಗಿ ಜಾರ್ಜ್ ಜಾಕೋಬ್ (1739–1814) ಅವರ ಅಸಲಿ ಮುದ್ರೆಯಲ್ಲೇ 'ಜೆ' ಜಾಗದಲ್ಲಿ 'ಐ' ಇದೆ. ಆಗ ದೊಡ್ಡಕ್ಷರದಲ್ಲಿ ಹಾಗೆ ಬರೆಯುವ ರೂಢಿ ಇತ್ತು. ಆದರೆ ಮುದ್ರೆ ಒಂದನ್ನೇ ನಂಬಬೇಡಿ. ಹೆಸರುವಾಸಿ ಬಡಗಿಯ ಮುದ್ರೆಯನ್ನು ಆಮೇಲೆ ಒತ್ತಿದವರೂ ಇದ್ದಾರೆ.

ಮೊದಲು ಕುರ್ಚಿಯನ್ನು ಮೆತ್ತನೆಯ ಕಂಬಳಿ ಮೇಲೆ ಬೋರಲು ಹಾಕಿ. ಟಾರ್ಚ್ ಅನ್ನು ಪಕ್ಕದಿಂದ, ಓರೆಯಾಗಿ ಹಿಡಿಯಿರಿ. ಮುದ್ರೆ ಒತ್ತಿದ ತಗ್ಗಿನೊಳಗಿನ ಮರ ಸುತ್ತಲಿನ ಮರದಷ್ಟೇ ಕಪ್ಪಾಗಿರಬೇಕು. ಒಳಗೆ ಹೊಸ ಬಿಳಿ ಮರ ಕಂಡರೆ ಅನುಮಾನ ಪಡಿ.

ಆಮೇಲೆ ಸೀಟಿನ ಚೌಕಟ್ಟಿನ ಒಳಮೈಯಲ್ಲಿ ಗರಗಸದ ಗುರುತು ಹುಡುಕಿ. ಇದೇ ಮುಖ್ಯ. ನೇರ, ಏರುಪೇರಾದ ಗೆರೆಗಳು ಕೈಗರಗಸದವು. ಬಿಲ್ಲಿನಂತೆ ಬಾಗಿದ ಗೆರೆ ಇದ್ದರೆ ಅದು ಚಕ್ರಗರಗಸದ್ದು, ಅಂದರೆ 19ನೇ ಶತಮಾನದ ಅಥವಾ ಆಮೇಲಿನ ಕೆಲಸ. ಜೋಡಣೆಯಲ್ಲಿ ಮರದ ಗೂಟ ಇದೆಯಾ ನೋಡಿ, ಅದು ಹಳೇ ಕೈಕೆಲಸದ ಲಕ್ಷಣ. ನಾಲ್ಕೂ ಕಾಲುಗಳ ಮೇಲೆ ಅಲಂಕಾರಕ್ಕೆ ಕೆತ್ತಿದ ಉದ್ದಗೆರೆಗಳನ್ನು ಹೋಲಿಸಿ. ಕೈಯಲ್ಲಿ ಕೆತ್ತಿದ್ದರೆ ಸಣ್ಣ ವ್ಯತ್ಯಾಸ ಇದ್ದೇ ಇರುತ್ತದೆ, ಅದೇ ಅದರ ಚೆಂದ ಅಲ್ವಾ.

ಆಗಿನ ಪ್ಯಾರಿಸ್ ಬಡಗಿಗಳ ವೃತ್ತಿಸಂಘ ಪರೀಕ್ಷಿಸಿ ಒತ್ತುತ್ತಿದ್ದ 'ಜೆಎಂಇ' ಗುರುತು ಇಲ್ಲದಿದ್ದರೂ ಚಿಂತೆ ಬೇಡ. ಕುರ್ಚಿಗಳಲ್ಲಿ ಅದು ಸಿಗುವುದು ಕಡಿಮೆ.

ಫೋಟೋ ಇಲ್ಲದೆ ಇಷ್ಟೇ ಹೇಳಬಲ್ಲೆ. ದಯವಿಟ್ಟು ಉಜ್ಜುಕಾಗದ, ಪಾಲಿಷ್ ಏನೂ ಮುಟ್ಟಿಸಬೇಡಿ, ಹಳೇ ಮೊಳೆಯನ್ನೂ ಕೀಳಬೇಡಿ. ಮುದ್ರೆಯ ಪಕ್ಕ ಸ್ಕೇಲ್ ಇಟ್ಟು ಫೋಟೋ ತೆಗೆದು, ಹಳೆಯ ಫ್ರೆಂಚ್ ಪೀಠೋಪಕರಣ ನೋಡುವ ಹರಾಜು ಸಂಸ್ಥೆಯ ತಜ್ಞರಿಗೆ ಕಳಿಸಿ.